ನೋವು ಕೊಡದ ಕಲ್ಲು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ಬಂದ ದಿನ ರಾತ್ರಿ ಅಪ್ಪನಿಗೆ ಎಡ ಪಕ್ಕೆಯಲ್ಲಿ ಮೊದಲ ಬಾರಿ ನೋವು ಕಾಣಿಸಿಕೊಂಡು ಈಗ ಎರಡು ವರ್ಷವಾಗಿದೆ. ಪಕ್ಕೆಯಿಂದ ಹೊರಟು ತೊಡೆಯ ಸಂದಿಗೆ ಇಳಿಯುತ್ತಿದ್ದ ಆ ನೋವಿಗೆ ಅವರು ಕೂತಲ್ಲಿ ಕೂರಲಾರದೆ, ಮಲಗಿದಲ್ಲಿ ಮಲಗಲಾರದೆ, ಬೆಳಗಾಗುವ ತನಕ ರೇಷ್ಮೆ ಸಾಕುವ ಹುಳುಮನೆಯ ಮುಂದಿನ ಅಂಗಳದಲ್ಲಿ ಅಡ್ಡಾಡುತ್ತಲೇ ಇದ್ದರು. ಬೆಳಿಗ್ಗೆ ಚಿಂತಾಮಣಿಗೆ ಕರೆದೊಯ್ದು ಸ್ಕ್ಯಾನಿಂಗ್ ಮಾಡಿಸಿದಾಗ ಎರಡು ಕಲ್ಲುಗಳಿರುವುದು ತಿಳಿಯಿತು. ಮೂತ್ರನಾಳದಲ್ಲಿ 4 ಮಿಲಿಮೀಟರಿನ ಒಂದು, ಎಡ ಮೂತ್ರಪಿಂಡದ ಒಳಗೆ ಅದಕ್ಕಿಂತ ಬಹಳ ದೊಡ್ಡದಾದ ಇನ್ನೊಂದು. ನೋವಿನ ಮಾತ್ರೆ ಕೊಟ್ಟು, ನೀರು ಕುಡಿಯಲು ಹೇಳಿ, ದೊಡ್ಡ ಕಲ್ಲಿನ ವಿಷಯಕ್ಕೆ ತಜ್ಞರನ್ನು ಕಾಣಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು.

ಮೂರನೆಯ ದಿನ ಸಣ್ಣ ಕಲ್ಲು ಮೂತ್ರದ ಜೊತೆ ಹೊರಬಿತ್ತು. ಅಷ್ಟರಲ್ಲಿ ಅಮ್ಮ ಬಾಳೆದಿಂಡಿನ ರಸವನ್ನೂ ಹುರುಳಿ ಕಟ್ಟನ್ನೂ ಶುರುಮಾಡಿದ್ದರು. ನೋವು ನಿಂತಿತು. ರಸದಿಂದಲೇ ಕಲ್ಲು ಕರಗಿತೆಂದು ಮನೆಯವರೆಲ್ಲ ನಂಬಿದೆವು, ನಾನೂ ನಂಬಿದೆ. ಆ ಚೀಟಿ ಗೋಡೆ ಕ್ಯಾಲೆಂಡರಿನ ಹಿಂದೆ ಹದಿನಾಲ್ಕು ತಿಂಗಳು ಕೂತಿತು. ಈ ಬರಹವನ್ನು ನಾನು ಬರೆಯುತ್ತಿರುವುದು ಆ ಹದಿನಾಲ್ಕು ತಿಂಗಳ ಕಾರಣಕ್ಕೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಂಥದ್ದೇ ಒಂದು ಚೀಟಿ ಅಂಥದ್ದೇ ಒಂದು ಕ್ಯಾಲೆಂಡರಿನ ಹಿಂದೆ ಇರುತ್ತದೆಂಬುದು ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹತ್ತಾರು ಜನರೊಡನೆ ಮಾತನಾಡಿದಾಗ ನನಗೆ ಗೊತ್ತಾಯಿತು.

ನಮಗೆ ತಿಳಿಯದೇ ಹೋಗಿದ್ದ ಸಂಗತಿ ಇಷ್ಟೇ. ಕಲ್ಲಿನ ನೋವು ಎಂದು ನಾವು ಕರೆಯುವುದು ಹೆಚ್ಚಾಗಿ ಕಲ್ಲು ಕಿರಿದಾದ ಮೂತ್ರನಾಳಕ್ಕೆ ಇಳಿದು ಅಡ್ಡ ನಿಂತಾಗ, ಅದರ ಹಿಂದೆ ಮೂತ್ರ ಕಟ್ಟಿಕೊಂಡು ಮೂತ್ರಪಿಂಡ ಬಿಗಿದುಕೊಳ್ಳುವಾಗ ಬರುವ ನೋವು. 4 ಮಿಲಿಮೀಟರಿನ ಕಲ್ಲು ಆ ನಾಳಕ್ಕೆ ಇಳಿಯುತ್ತದೆ, ಬಹುಮಟ್ಟಿಗೆ ತಾನಾಗಿಯೇ ಹೊರಬೀಳುತ್ತದೆ. 3 ಸೆಂಟಿಮೀಟರಿನ ಕಲ್ಲು ನಾಳಕ್ಕೆ ಇಳಿಯಲಾರದು. ಮೂತ್ರಪಿಂಡದ ಒಳಗೇ ಕೂತು, ಸದ್ದಿಲ್ಲದೆ ಬೆಳೆಯುತ್ತ, ಅಲ್ಲಿ ಮೂತ್ರ ಸೇರುವ ಬಟ್ಟಲುಗಳಿಗೆ ಕೊಂಬೆ ಚಾಚುತ್ತದೆ. ಹಾಗೆ ಕವಲೊಡೆದು ಮೂತ್ರಪಿಂಡದ ಒಳಗನ್ನೆಲ್ಲ ತುಂಬಿಕೊಂಡ ಕಲ್ಲಿಗೆ ವೈದ್ಯರು ಜಿಂಕೆಯ ಕೊಂಬಿನ ಹೆಸರಿಟ್ಟು ಸ್ಟ್ಯಾಗ್‌ಹಾರ್ನ್ ಎನ್ನುತ್ತಾರೆ. ಒಂದು ಮೂತ್ರಪಿಂಡ ಸೊರಗುತ್ತಿದ್ದರೂ ಇನ್ನೊಂದು ಅದರ ಕೆಲಸವನ್ನೂ ಹೊತ್ತುಕೊಳ್ಳುವುದರಿಂದ ಮೂತ್ರಪಿಂಡದ ಕೆಲಸವನ್ನು ಅಳೆಯುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೂ ಸರಿಯಾಗಿಯೇ ಬರಬಹುದು. ಅಪ್ಪನಿಗೆ ಬಂದದ್ದು ಹಾಗೆಯೇ.

ಅವರನ್ನು ಮತ್ತೆ ಆಸ್ಪತ್ರೆಗೆ ಕರೆತಂದದ್ದು ಚಳಿಜ್ವರ. ರೇಷ್ಮೆಹುಳು ನಾಲ್ಕನೆಯ ಜ್ವರ (ಪೊರೆ ಕಳಚುವ ನಿದ್ದೆ) ಎದ್ದು ಸೊಪ್ಪು ಮೇಯುವ ಭರದ ದಿನಗಳು. ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕುವ ಆ ವಾರದಲ್ಲಿ ಅಪ್ಪ ಊಟವನ್ನೇ ಸರಿಯಾಗಿ ಮಾಡುವುದಿಲ್ಲ, ಇನ್ನು ನೀರು ಕುಡಿಯುವ ಮಾತೆಲ್ಲಿ! ಸಂಜೆ ಮೈ ನಡುಗಿ ಜ್ವರ ಏರಿತು, ಮೂತ್ರ ಕಲಗಚ್ಚಿನಂತೆ ಕದಡಿತ್ತು. ಮರುದಿನ ಸಿ.ಟಿ. ಸ್ಕ್ಯಾನ್ ಮಾಡಿದಾಗ ಎಡ ಮೂತ್ರಪಿಂಡದಲ್ಲಿ 3.2 ಸೆಂಟಿಮೀಟರಿನ ಕಲ್ಲು, ಅದರ ಒಂದು ಕವಲು ಕೆಳಗಿನ ಬಟ್ಟಲಿನೊಳಗೆ. ಎರಡು ಮೂತ್ರಪಿಂಡಗಳೂ ಒಟ್ಟಾಗಿ ಮಾಡುವ ಕೆಲಸದಲ್ಲಿ ಎಡಗಡೆಯ ಪಾಲು ಎಷ್ಟೆಂದು ಅಳೆಯುವ ಇನ್ನೊಂದು ಸ್ಕ್ಯಾನಿನಲ್ಲಿ ಶೇಕಡಾ 34 ಎಂದು ಬಂತು. ಅರ್ಧದಷ್ಟು ಇರಬೇಕಾದದ್ದು.

ನಾವು ಮೊದಲು ಹೋದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ, 'ಲೇಸರ್‌ನಲ್ಲಿ ಮಾಡ್ತೀವಿ, ಒಂದು ಗಾಯವೂ ಇರಲ್ಲ, ಮಾರನೇ ದಿನ ಮನೆಗೆ ಹೋಗಬಹುದು' ಎಂದರು. ಅಪ್ಪನ ಮುಖ ಅರಳಿತು. ಅದಕ್ಕೆ ಕಾರಣವೂ ಇತ್ತು. ನಮ್ಮ ದೊಡ್ಡಪ್ಪನಿಗೆ ನಾನು ಹುಟ್ಟುವ ಮೊದಲೇ ಕಲ್ಲಿನ ಆಪರೇಷನ್ ಆಗಿತ್ತು. ಬೆನ್ನಿನ ಕೊನೆಯ ಪಕ್ಕೆಲುಬಿನಿಂದ ಹೊಟ್ಟೆಯ ಮುಂಭಾಗದವರೆಗೆ ಬಂದಿದ್ದ ಆ ಗಾಯದ ಗುರುತನ್ನು, ಅವರು ಬಾವಿಕಟ್ಟೆಯಲ್ಲಿ ಸ್ನಾನ ಮಾಡುವಾಗ, ಮಕ್ಕಳಾದ ನಾವೆಲ್ಲ ನೋಡಿದ್ದೆವು. ಅಪ್ಪನ ಮನಸ್ಸಿನಲ್ಲಿ ಆಪರೇಷನ್ ಎಂದರೆ ಆ ಗೆರೆಯೇ. ಹಣ ಕಟ್ಟುವ ಮುನ್ನ ಎಷ್ಟು ಬಾರಿಗೆ ಮುಗಿಯುತ್ತದೆ ಎಂದು ನಾನು ಕೇಳಿದ್ದಕ್ಕೆ ಸ್ಪಷ್ಟವಾದ ಉತ್ತರ ಬರಲಿಲ್ಲ. ಪರಿಚಯದವರೊಬ್ಬರ ಮಾತಿನಂತೆ ಕೋಲಾರದ ಇನ್ನೊಬ್ಬ ಮೂತ್ರರೋಗ ತಜ್ಞರನ್ನು ಕಂಡೆವು. ಅಂದು ಆ ಕೋಣೆಯಲ್ಲಿ ಅವರು ಅರ್ಧ ಗಂಟೆ ಕೂತು ಬಿಡಿಸಿ ಹೇಳಿದ್ದು ನನ್ನ ತಿಳಿವಳಿಕೆಯನ್ನೇ ಬದಲಿಸಿತು.

ಲೇಸರ್ ಎನ್ನುವುದು ಕಲ್ಲನ್ನು ಒಡೆಯುವ ಸಲಕರಣೆ ಮಾತ್ರ, ಕಲ್ಲಿನ ಬಳಿಗೆ ಹೋಗುವ ದಾರಿಯನ್ನು ಬೇರೆಯಾಗಿಯೇ ಆರಿಸಬೇಕು ಎಂಬುದು ಅವರ ಮೊದಲ ಮಾತು. ದಾರಿಗಳು ಎರಡು. ಒಂದು, ಮೂತ್ರ ಹೊರಬರುವ ದಾರಿಯಲ್ಲೇ ಬಾಗುವ ಸಣ್ಣ ದುರ್ಬೀನನ್ನು ಮೇಲಕ್ಕೆ ಕಳಿಸಿ ಮೂತ್ರಪಿಂಡ ತಲಪುವುದು. ಇದಕ್ಕೆ ಆರ್‌ಐಆರ್‌ಎಸ್ ಎನ್ನುತ್ತಾರೆ, ಮೈಮೇಲೆ ಗಾಯವೇ ಇರುವುದಿಲ್ಲ. ಇನ್ನೊಂದು, ಬೆನ್ನಿನ ಕಡೆಯಿಂದ ಸಣ್ಣ ರಂಧ್ರ ಮಾಡಿ ನೇರವಾಗಿ ಮೂತ್ರಪಿಂಡದೊಳಗೆ ಹೋಗುವುದು. ಇದು ಪಿಸಿಎನ್‌ಎಲ್, ರಂಧ್ರ ಇನ್ನೂ ಕಿರಿದಾಗಿದ್ದರೆ ಮಿನಿ ಪಿಸಿಎನ್‌ಎಲ್. ಎರಡರಲ್ಲೂ ಲೇಸರನ್ನೇ ಬಳಸಬಹುದು. 1ರಿಂದ 2 ಸೆಂಟಿಮೀಟರಿನೊಳಗಿನ ಕಲ್ಲಿಗೆ ಮೊದಲನೆಯದು ಒಳ್ಳೆಯ ದಾರಿ. 2 ಸೆಂಟಿಮೀಟರ್ ದಾಟಿದ ಕಲ್ಲಿಗೆ ಬೆನ್ನಿನ ದಾರಿಯನ್ನೇ ಮೊದಲು ಪರಿಗಣಿಸಬೇಕೆಂಬುದು ವೈದ್ಯಲೋಕದಲ್ಲಿ ಒಪ್ಪಿತವಾದ ಕ್ರಮ.

ಏಕೆಂದು ಕೇಳಿದೆ. ಕಾಗದದ ಮೇಲೆ ಎರಡು ಉಂಡೆ ಬರೆದು ತೋರಿಸಿದರು. 1 ಸೆಂಟಿಮೀಟರಿನ ಕಲ್ಲಿಗಿಂತ 3 ಸೆಂಟಿಮೀಟರಿನ ಕಲ್ಲು ಅಗಲದಲ್ಲಿ ಮೂರು ಪಟ್ಟು, ಆದರೆ ಗಾತ್ರದಲ್ಲಿ 27 ಪಟ್ಟು. ಅಷ್ಟನ್ನೂ ಕೂದಲೆಳೆಯಂಥ ತಂತಿಯ ತುದಿಯಿಂದ ಪುಡಿ ಮಾಡಿ, ಮೂತ್ರನಾಳದ ಕಿರಿದಾದ ದಾರಿಯಲ್ಲೇ ಹೊರಹಾಕಬೇಕೆಂದರೆ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಒಳಗೆ ನೀರು ಹಾಯಿಸುತ್ತಿದ್ದರೆ ಮೂತ್ರಪಿಂಡದಲ್ಲಿ ಒತ್ತಡ ಏರುತ್ತದೆ, ಸೋಂಕು ರಕ್ತಕ್ಕೆ ಸೇರುವ ಅಪಾಯ ಹೆಚ್ಚುತ್ತದೆ. ಆದ್ದರಿಂದ ಎರಡು ಮೂರು ಸಲಕ್ಕೆ ಹಂಚಿಕೊಂಡು ಮಾಡಬೇಕಾಗುತ್ತದೆ, ಪ್ರತಿ ಸಲವೂ ಅರಿವಳಿಕೆ, ಪ್ರತಿ ಸಲವೂ ಖರ್ಚು. ಹೊರಗಿನಿಂದಲೇ ಆಘಾತದ ಅಲೆ ಹಾಯಿಸಿ ಒಡೆಯುವ ಯಂತ್ರವೂ ಇದೆ, 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಬಳಸಿದ್ದು, ಅದು ಸಣ್ಣ ಕಲ್ಲಿಗೆ ಸರಿ. ಇಷ್ಟು ದೊಡ್ಡ, ಇಷ್ಟು ಗಟ್ಟಿ ಕಲ್ಲು ಅದಕ್ಕೆ ಬಗ್ಗುವುದಿಲ್ಲ ಎಂದರು.

ಅಪ್ಪ ಅಷ್ಟೂ ಹೊತ್ತು ಸುಮ್ಮನಿದ್ದವರು, 'ಬೆನ್ನಿಗೆ ತೂತು ಹಾಕ್ತೀರಾ ಸ್ವಾಮಿ?' ಎಂದರು.

'ಯಜಮಾನ್ರೇ, ತೋಟದಲ್ಲಿ ಬೋರ್ ಕೊರೆಸಿದೀರಲ್ಲ? ಪಾಯಿಂಟ್ ಸರಿಯಾಗಿ ಹಿಡಿದರೆ ಅರ್ಧ ಕೆಲಸ ಮುಗೀತು. ಇಲ್ಲೂ ಹಂಗೇ. ಪಾಯಿಂಟ್ ಹಿಡಿದು, ಕೇಸಿಂಗ್ ಪೈಪ್ ಇಳಿಸಿ, ಆಮೇಲೆ ಒಳಗಿನ ಕೆಲಸ.'

'ಐದು ಬೋರ್ ಕೊರೆಸಿದೀವಿ, ಮೂರು ಫೇಲಾದವು.'

'ಇಲ್ಲಿ ನಾವು ಕಣ್ಣಲ್ಲಿ ನೋಡ್ಕೊಂಡೇ ಸೂಜಿ ಹಾಕೋದು.'

ಅಪ್ಪ ಒಪ್ಪಿದ್ದು ಆ ಮಾತಿಗೆ. ಸಾವಿರ ಅಡಿಗೂ ಇಳಿದ ಬೋರ್‌ವೆಲ್‌ಗಳ ಈ ಸೀಮೆಯಲ್ಲಿ ಇದಕ್ಕಿಂತ ತಿಳಿಯಾದ ವಿವರಣೆಯನ್ನು ಯಾರೂ ಕೊಡಲಾರರು.

ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಮೇಲೆ ಮತ್ತೆ ಮುಂದೂಡಿದರು. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದವು. ಹುಳು ಚಾಕಿಗೆ (ಮರಿಹುಳು ಸಾಕುವ ಹಂತಕ್ಕೆ) ಬರುವ ದಿನ ಲೆಕ್ಕ ಹಾಕಿಕೊಂಡು ಬಂದಿದ್ದ ಅಪ್ಪನಿಗೆ ಬೇಸರವಾಯಿತು, ನನಗೂ ಆಯಿತು. ಈಗ ಯೋಚಿಸಿದರೆ ಆ ಒಂದು ವಾರದ ಆ್ಯಂಟಿಬಯಾಟಿಕ್ ಚಿಕಿತ್ಸೆ ಆಪರೇಷನ್ನಿನಷ್ಟೇ ಮುಖ್ಯವಾಗಿತ್ತು. ಕಲ್ಲಿನ ಒಳಪದರಗಳಲ್ಲಿ ಬ್ಯಾಕ್ಟೀರಿಯಾ ಅಡಗಿರುತ್ತವೆ, ಕಲ್ಲು ಒಡೆದಾಗ ಅವು ಒಮ್ಮೆಲೇ ಬಿಡುಗಡೆಯಾಗಿ ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಈ ಚಿಕಿತ್ಸೆಯಲ್ಲಿ ವೈದ್ಯರು ಹೆಚ್ಚು ಹೆದರುವುದು ಎರಡಕ್ಕೆ, ರಕ್ತಸ್ರಾವಕ್ಕೆ ಮತ್ತು ಈ ನಂಜಿಗೆ. ಕಲ್ಚರ್ ವರದಿ ಬರುವ ಮೊದಲೇ ದಿನ ಕೊಡುವ ಆತುರದವರಿದ್ದರೆ, ಓದುವವರು ದಯವಿಟ್ಟು ಆ ವರದಿಯನ್ನು ಕೇಳಿ ಪಡೆಯಿರಿ.

ಕಲ್ಲನ್ನು ಬೆನ್ನಿನ ರಂಧ್ರದಿಂದ ತೆಗೆಯುವ ಈ ಕ್ರಮವನ್ನು 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಯೊಹಾನ್ಸನ್ ಎಂಬಿಬ್ಬರು ಮೊದಲು ವರದಿ ಮಾಡಿದರು. ಮುಂದೆ ರೂಢಿಗೆ ಬಂದ ರಂಧ್ರದ ಅಗಲ 24ರಿಂದ 30 ಫ್ರೆಂಚ್. ಈ ಅಳತೆಯಲ್ಲಿ ಮೂರು ಫ್ರೆಂಚ್ ಸೇರಿದರೆ ಒಂದು ಮಿಲಿಮೀಟರ್, ಅಂದರೆ 8ರಿಂದ 10 ಮಿಲಿಮೀಟರ್. ಅಷ್ಟು ಅಗಲವಿದ್ದರೆ ಕಲ್ಲನ್ನು ದೊಡ್ಡ ತುಂಡುಗಳಾಗಿ ಒಡೆದು ಇಕ್ಕಳದಿಂದ ಹಿಡಿದು ತೆಗೆಯಬಹುದು. ರಂಧ್ರ ಚಿಕ್ಕದಾಗಬೇಕಾದರೆ ತುಂಡುಗಳೂ ಚಿಕ್ಕದಾಗಬೇಕು, ಒಡೆಯುವ ಸಲಕರಣೆಯೂ ತೆಳ್ಳಗಾಗಬೇಕು. ಲೇಸರ್ ಉಪಕಾರ ಮಾಡಿದ್ದು ಇಲ್ಲಿ. ಅಪ್ಪನಿಗೆ ಮಾಡಿದ ದಾರಿ 18 ಫ್ರೆಂಚ್, 6 ಮಿಲಿಮೀಟರ್. ದಾರಿ ಕಿರಿದಾದಷ್ಟೂ ಮೂತ್ರಪಿಂಡದ ಮಾಂಸ ಕಡಿಮೆ ಸೀಳುತ್ತದೆ, ರಕ್ತ ಕಡಿಮೆ ಹೋಗುತ್ತದೆ. ಲೇಸರ್ ಎಂಬ ಪದಕ್ಕೆ ನಾವು ಬೆಲೆ ಕೊಡುವುದಾದರೆ ಈ ಕಾರಣಕ್ಕೆ ಕೊಡಬೇಕು.

ಒಳಗೆ ನಡೆದದ್ದನ್ನು ಮರುದಿನ ವೈದ್ಯರು ತಮ್ಮ ಕಂಪ್ಯೂಟರಿನಲ್ಲಿ ತೋರಿಸಿದರು. ಅಪ್ಪನಿಗೆ ಪೂರ್ಣ ಅರಿವಳಿಕೆ ಕೊಟ್ಟು, ಮೊದಲು ಮೂತ್ರಕೋಶದ ಮೂಲಕ ಮೇಲಕ್ಕೊಂದು ತೆಳು ಕೊಳವೆ ಏರಿಸಿ, ಆಮೇಲೆ ಬೋರಲು ಮಲಗಿಸಿದ್ದರು. ಆ ಕೊಳವೆಯಲ್ಲಿ ಬಣ್ಣದ ಔಷಧ ಹಾಯಿಸಿದಾಗ ಎಕ್ಸ್-ರೇ ತೆರೆಯ ಮೇಲೆ ಮೂತ್ರಪಿಂಡದ ಒಳಗಿನ ಬಟ್ಟಲುಗಳು ಕೈಬೆರಳುಗಳಂತೆ ಮೂಡಿದವು. ಸೂಜಿ ಹೋಗಬೇಕಾದದ್ದು ಆ ಒಂದು ಬಟ್ಟಲಿನ ತುದಿಗೇ. ಅಲ್ಲಿ ದೊಡ್ಡ ರಕ್ತನಾಳಗಳಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದರೆ, ಬಟ್ಟಲುಗಳ ನಡುವೆ ಹಾದುಹೋಗುವ ನಾಳಗಳಿಗೆ ತಗಲುತ್ತದೆ. ಬಹಳ ಮೇಲಕ್ಕೆ ಸರಿದರೆ ಶ್ವಾಸಕೋಶದ ಪೊರೆ ಅಡ್ಡ ಬರುತ್ತದೆ. ಸೂಜಿಯ ಹಿಂಬದಿಯಿಂದ ತೊಟ್ಟು ಮೂತ್ರ ಒಸರಿದಾಗ ಪಾಯಿಂಟ್ ಸಿಕ್ಕಿತೆಂದು ಅರ್ಥ. ಅದರೊಳಗೆ ಒಂದು ತಂತಿ ಬಿಟ್ಟು, ಸೂಜಿ ತೆಗೆದು, ತಂತಿಯ ಮೇಲೆಯೇ ದಾರಿಯನ್ನು ಹಿಗ್ಗಿಸಿ ಕೊಳವೆ ಕೂರಿಸಿದರು. ಗೂಡು ಬೇಯಿಸಿ ಎಳೆಯ ತುದಿ ಹುಡುಕುವವರನ್ನು ನಾನು ಚಿಕ್ಕಂದಿನಿಂದ ನೋಡಿದವನು. ಒಮ್ಮೆ ತುದಿ ಸಿಕ್ಕಮೇಲೆ ಅದನ್ನು ಕೈಬಿಡದೆ ಹಿಡಿಯುವ ಎಚ್ಚರ ಆ ತಂತಿಯನ್ನು ಹಿಡಿದ ಕೈಯಲ್ಲೂ ಕಂಡಿತು.

ತೆರೆಯ ಮೇಲೆ ಕಲ್ಲು ಕಂದು ಬಣ್ಣದ್ದು, ಮೇಲ್ಮೈ ತರಿತರಿ, ಆಲೆಮನೆಯಲ್ಲಿ ತಳ ಹಿಡಿದ ಬೆಲ್ಲದಂತೆ. ಅದರ ಮೇಲೆ ಹಸಿರು ಚುಕ್ಕೆಯೊಂದು ಓಡಾಡುತ್ತಿತ್ತು. ಅದೇ ಲೇಸರ್ ಇರಬೇಕೆಂದುಕೊಂಡೆ. ಅದು ಗುರಿ ತೋರುವ ಬೆಳಕು ಮಾತ್ರ, ಕೆಲಸ ಮಾಡುವ ಹೋಲ್ಮಿಯಂ ಲೇಸರ್ ಕಣ್ಣಿಗೆ ಕಾಣುವುದೇ ಇಲ್ಲ ಎಂದರು. ಅದರ ತರಂಗಾಂತರ ಸುಮಾರು 2,100 ನ್ಯಾನೊಮೀಟರ್. ನೀರು ಅದನ್ನು ತಕ್ಷಣ ಹೀರಿಕೊಳ್ಳುವುದರಿಂದ ಅರ್ಧ ಮಿಲಿಮೀಟರಿನಷ್ಟೂ ದೂರ ಅದು ಸಾಗುವುದಿಲ್ಲ. ಕಲ್ಲಿಗೆ ತಾಗಿಸಿ ಹಿಡಿದರೆ ಕಲ್ಲು ಕಾದು ಒಡೆಯುತ್ತದೆ, ಒಂದೆರಡು ಮಿಲಿಮೀಟರ್ ಆಚೆಗಿರುವ ಮೂತ್ರಪಿಂಡದ ಗೋಡೆ ಉಳಿಯುತ್ತದೆ. ಅಷ್ಟು ಹತ್ತಿರದಲ್ಲಿ ಅಷ್ಟು ಶಕ್ತಿಯನ್ನು ನಂಬಿ ಬಳಸಲು ಸಾಧ್ಯವಾದದ್ದು ನೀರಿನ ಈ ಗುಣದಿಂದಲೇ. ಇತ್ತೀಚೆಗೆ ಬಂದಿರುವ ಥೂಲಿಯಂ ಫೈಬರ್ ಲೇಸರಿನದು 1,940 ನ್ಯಾನೊಮೀಟರ್, ಅದನ್ನು ನೀರು ಇನ್ನೂ ನಾಲ್ಕು ಪಟ್ಟು ಹೆಚ್ಚು ಹೀರುತ್ತದೆ, ಪುಡಿ ಇನ್ನೂ ನಯವಾಗಿ ಬರುತ್ತದೆ. ಅಪ್ಪನಿಗೆ ಬಳಸಿದ್ದು ಹೋಲ್ಮಿಯಂ. ಚುಕ್ಕೆ ತಾಗಿದಲ್ಲೆಲ್ಲ ನೀರಿನಲ್ಲಿ ರಾಗಿಹಿಟ್ಟು ಎದ್ದಂತೆ ಪುಡಿ ಏಳುತ್ತಿತ್ತು. ನಡುವೆ ಚೂರುಗಳು ಬಿಟ್ಟುಕೊಂಡಾಗ ದುರ್ಬೀನನ್ನು ಕೊಳವೆಯಲ್ಲಿ ಹಿಂದಕ್ಕೆ ಎಳೆಯುತ್ತಿದ್ದರು, ಆ ಎಳೆತಕ್ಕೆ ನೀರು ಸುಳಿ ಸುತ್ತಿ ಚೂರುಗಳನ್ನು ತಾನೇ ಹೊರಗೆ ತರುತ್ತಿತ್ತು. ಒಟ್ಟು ಎರಡು ಗಂಟೆ ಹಿಡಿಯಿತು.

ಆ ರಾತ್ರಿ ಹಾಸಿಗೆಯ ಪಕ್ಕ ತೂಗುಹಾಕಿದ್ದ ಮೂತ್ರದ ಚೀಲವನ್ನೇ ನೋಡುತ್ತ ಕೂತಿದ್ದೆ. ಮೊದಲು ದಾಳಿಂಬೆ ರಸದ ಬಣ್ಣ, ನಡುರಾತ್ರಿಗೆ ಗುಲಾಬಿ, ಬೆಳಗಿನ ಜಾವಕ್ಕೆ ಚಹಾದ ತಿಳಿ. ಮೂರನೆಯ ದಿನ ಮನೆಗೆ ಕಳಿಸಿದರು. ಬೆನ್ನಿನ ಗಾಯಕ್ಕೆ ಒಂದೇ ಹೊಲಿಗೆ. ಅಪ್ಪ ಕನ್ನಡಿಗೆ ಬೆನ್ನು ತಿರುಗಿಸಿ, ಕತ್ತು ಹೊರಳಿಸಿ ಅದನ್ನು ನೋಡಲು ಪ್ರಯತ್ನಪಟ್ಟರು, ಕಾಣಲಿಲ್ಲ. ಅಮ್ಮನನ್ನು ಕರೆದು, 'ಎಷ್ಟಿದೆ ಹೇಳೇ' ಎಂದರು. ಅಮ್ಮ ತಮ್ಮ ಕಿರುಬೆರಳಿನ ಉಗುರು ತೋರಿಸಿದರು.

ಇಲ್ಲಿಗೆ ಎಲ್ಲ ಮುಗಿಯಿತೆಂದು ಬರೆದರೆ ಅರ್ಧ ಸತ್ಯವಾಗುತ್ತದೆ. ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ಒಳಗೇ ಇಟ್ಟುಬರುವ ಡಬಲ್-ಜೆ ಸ್ಟೆಂಟ್ ಎಂಬ ಮೆತ್ತನೆಯ ಕೊಳವೆಯ ಬಗ್ಗೆ ಯಾರೂ ಮುಂಚಿತವಾಗಿ ಸಾಕಷ್ಟು ಹೇಳುವುದಿಲ್ಲ. ಊತದಿಂದ ನಾಳ ಮುಚ್ಚಿಕೊಳ್ಳದಂತೆ, ಉಳಿದ ಪುಡಿ ಅಡ್ಡ ನಿಲ್ಲದಂತೆ ಅದನ್ನು ಇಡುತ್ತಾರೆ. ಎರಡು ತುದಿಯೂ ಕೊಕ್ಕೆಯಂತೆ ಸುರುಳಿಯಾಗಿರುವುದರಿಂದ ಜಾರುವುದಿಲ್ಲ. ಆದರೆ ಅದು ಇರುವಷ್ಟು ದಿನ ಅಪ್ಪನಿಗೆ ಗಂಟೆಗೊಮ್ಮೆ ಎದ್ದು ಹೋಗಬೇಕಾಗುತ್ತಿತ್ತು, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಎಳೆದಂತಾಗುತ್ತಿತ್ತು, ಸೊಪ್ಪಿನ ಹೊರೆ ಹೊತ್ತ ದಿನ ಮೂತ್ರ ಕೆಂಪಾಯಿತು. ಆಪರೇಷನ್ ಕೆಟ್ಟಿತೆಂದೇ ಅವರು ಹೆದರಿದ್ದರು. ಇವೆಲ್ಲ ಸ್ಟೆಂಟಿನ ಮಾಮೂಲು ತೊಂದರೆಗಳು, ಜ್ವರ ಬಂದರೆ ಅಥವಾ ರಕ್ತದ ಗಡ್ಡೆಗಳು ಬಂದರೆ ಮಾತ್ರ ತಡಮಾಡದೆ ಬರಬೇಕು ಎಂದು ಫೋನಿನಲ್ಲಿ ಧೈರ್ಯ ಹೇಳಿದ ನರ್ಸ್ ತಾಯಿಗೆ ನಾನು ಋಣಿ. ಮೂರು ವಾರದ ನಂತರ ಅದನ್ನು ತೆಗೆಸಿದೆವು, ಕೆಲವೇ ನಿಮಿಷದ ಕೆಲಸ. ಅದೇ ದಿನ ಹೊರಗಿನ ಬೆಂಚಿನಲ್ಲಿ, ಸ್ಟೆಂಟ್ ಹಾಕಿಸಿಕೊಂಡದ್ದನ್ನೇ ಮರೆತು ವರ್ಷ ಕಳೆದ ಹೆಂಗಸೊಬ್ಬರು ಕೂತಿದ್ದರು. ಅವರ ಸ್ಟೆಂಟಿನ ಮೇಲೆಯೇ ಕಲ್ಲು ಕಟ್ಟಿತ್ತು. ಮನೆಯಲ್ಲಿ ಯಾರಿಗಾದರೂ ಸ್ಟೆಂಟ್ ಇದ್ದರೆ, ತೆಗೆಸುವ ದಿನವನ್ನು ಫೋನಿನಲ್ಲಿ ಗುರುತು ಮಾಡಿಕೊಳ್ಳುವ ಹೊಣೆ ಮಕ್ಕಳದು.

ಖರ್ಚಿನ ವಿಷಯದಲ್ಲಿ ಒಂದು ಮಾತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಗಳಿಗೆ 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಈ ಚಿಕಿತ್ಸೆಗೆ ಶಿಫಾರಸು ಪತ್ರ ಬೇಕೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೊರತೆಗೆದ ಚೂರುಗಳನ್ನು ಪರೀಕ್ಷೆಗೆ ಕಳಿಸಿದಾಗ ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂತು. ಎಲ್ಲಕ್ಕಿಂತ ಸಾಮಾನ್ಯವಾದ ಬಗೆ. ಇದನ್ನು ಕರಗಿಸುವ ರಸವಾಗಲಿ ಮಾತ್ರೆಯಾಗಲಿ ಇಲ್ಲ. ಔಷಧದಿಂದ ಕರಗಿಸಲು ಸಾಧ್ಯವಿರುವುದು ಯೂರಿಕ್ ಆಮ್ಲದ ಕಲ್ಲನ್ನು. ಕ್ಯಾಲ್ಸಿಯಂ ಎಂಬ ಹೆಸರು ಕೇಳಿದ್ದೇ ತಡ ಅಮ್ಮ ರಾಗಿ ಮುದ್ದೆಯನ್ನೂ ಹಾಲನ್ನೂ ನಿಲ್ಲಿಸಲು ಹೊರಟರು, ಅಕ್ಕಪಕ್ಕದವರು ಟೊಮೆಟೊ ಬೀಜವನ್ನೂ ಪಟ್ಟಿಗೆ ಸೇರಿಸಿದರು. ವೈದ್ಯರು ಎರಡನ್ನೂ ತಡೆದರು. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಕರುಳಿನಲ್ಲೇ ಆಕ್ಸಲೇಟನ್ನು ಕಟ್ಟಿಹಾಕಿ ಮಲದಲ್ಲಿ ಹೊರಕಳಿಸುತ್ತದೆ. ಕ್ಯಾಲ್ಸಿಯಂ ಬಿಟ್ಟರೆ ಆಕ್ಸಲೇಟ್ ಹೆಚ್ಚಾಗಿ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೇ ಬರುತ್ತದೆ. ನಮ್ಮ ಅಡುಗೆಯಲ್ಲಿ ಬದಲಾದದ್ದು ಬಸ್ಸಾರು. ದಂಟಿನ ಸೊಪ್ಪನ್ನೂ ಪಾಲಕ್ಕನ್ನೂ ಬೇಯಿಸಿದಾಗ ಅವುಗಳ ಆಕ್ಸಲೇಟಿನಲ್ಲಿ ಸಾಕಷ್ಟು ಭಾಗ ನೀರಿಗೆ ಇಳಿಯುತ್ತದೆ, ನಾವು ಬಸಿದು ಸಾರು ಮಾಡುವುದು ಆ ನೀರನ್ನೇ. ಈಗ ಅಪ್ಪನಿಗೆ ಆ ಸೊಪ್ಪುಗಳ ಬಸ್ಸಾರು ಅಪರೂಪಕ್ಕೆ, ಅದೂ ಮಜ್ಜಿಗೆಯ ಜೊತೆ. ಉಪ್ಪು, ಉಪ್ಪಿನಕಾಯಿ ಕಡಿಮೆಯಾಗಿವೆ, ಏಕೆಂದರೆ ಉಪ್ಪು ಹೆಚ್ಚಿದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ನಿಂಬೆಹಣ್ಣಿನ ಪಾನಕ, ಸಕ್ಕರೆ ಕಡಿಮೆ ಹಾಕಿ, ದಿನವೂ ಇದೆ. ನಮ್ಮ ಬೋರಿನ ಗಡಸು ನೀರೇ ಕಾರಣವಿರಬೇಕೆಂದು ನಾವು ಹೇಳಿದ್ದಕ್ಕೆ, 'ನೀರು ಯಾವುದು ಅನ್ನೋದಕ್ಕಿಂತ ಎಷ್ಟು ಕುಡೀತೀರಿ ಅನ್ನೋದನ್ನ ಮೊದಲು ನೋಡಿ' ಎಂದಿದ್ದರು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಬರುವಷ್ಟು ಕುಡಿಯಬೇಕು. ಹುಳುಮನೆಯ ಬಿಸಿಯಲ್ಲಿ ಬೆವರುವವರಿಗೆ ಅದು ಮೂರು ಲೀಟರಿನ ಮೇಲೆಯೇ ಆಗುತ್ತದೆ.

ಬಾಳೆದಿಂಡಿನ ಪಲ್ಯವನ್ನು ಮನೆಯಲ್ಲಿ ಈಗಲೂ ಮಾಡುತ್ತೇವೆ, ರುಚಿಗಾಗಿ.

ಆರು ತಿಂಗಳಿನ ಸ್ಕ್ಯಾನ್ ಮೊನ್ನೆ ಆಯಿತು. ಕೆಳಗಿನ ಬಟ್ಟಲಿನಲ್ಲಿ 3 ಮಿಲಿಮೀಟರಿನ ಒಂದು ಚೂರು ಉಳಿದಿದೆ, ಸದ್ಯಕ್ಕೆ ಅದನ್ನು ಗಮನಿಸುತ್ತಿದ್ದರೆ ಸಾಕು ಎಂದಿದ್ದಾರೆ. ಎಡ ಮೂತ್ರಪಿಂಡದ ಪಾಲು ಶೇಕಡಾ 34ರಿಂದ 36ಕ್ಕೆ ಬಂದಿದೆ. ಎರಡು ಅಂಕ ಏರಿತೆಂದು ನಾನು ಹಿಗ್ಗಿದಾಗ, ಅದು ಅಳತೆಯ ವ್ಯತ್ಯಾಸವೂ ಇರಬಹುದು, ಇಳಿದಿಲ್ಲ ಎಂಬುದನ್ನಷ್ಟೇ ತೆಗೆದುಕೊಳ್ಳಿ ಎಂದು ವೈದ್ಯರು ತಿಳಿಹೇಳಿದರು. ಹುಳುಮನೆಯ ಬಾಗಿಲ ಮೊಳೆಗೆ ಅಪ್ಪ ಈಗ ಎರಡು ಲೀಟರಿನ ಬಾಟಲಿ ತೂಗುಹಾಕಿಕೊಂಡಿದ್ದಾರೆ. ಸೊಪ್ಪು ಹಾಕಲು ಒಳಗೆ ಹೋಗುವಾಗ ಒಂದು ಗುಟುಕು, ಹೊರಗೆ ಬರುವಾಗ ಒಂದು ಗುಟುಕು. ಮುಂದಿನ ಸ್ಕ್ಯಾನಿನ ಚೀಟಿಯನ್ನು ಕ್ಯಾಲೆಂಡರಿನ ಮುಂಭಾಗಕ್ಕೇ ಪಿನ್ ಹಾಕಿ ಸಿಕ್ಕಿಸಿದ್ದೇನೆ.